ತಾರೀಖು ಹಾಕಿದ ಪ್ರಾರ್ಥನೆ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಕಷ್ಟ ಹೇಳಿಕೊಳ್ಳಲು ಬಂದವರೊಬ್ಬರ ಕಥೆ ಇದು. ಅವರಿಗೆ 38 ವರ್ಷ. ಕೆಲಸ ಹೋಗಿ 14 ತಿಂಗಳಾಗಿತ್ತು. ಬಂದವರೇ ಒಂದು ನೋಟ್‌ಬುಕ್ ಮೇಜಿನ ಮೇಲಿಟ್ಟರು. ಪುಟ ಪುಟದಲ್ಲೂ ಕೆಲಸ ಕೊಡು ಎಂದು ದೇವರಿಗೆ ಅದೇ ಬಿನ್ನಹ, ಪಕ್ಕದಲ್ಲಿ ತಾರೀಖು. ಕೊನೆಯ ತಾರೀಖಿನ ಸುತ್ತ ಕೆಂಪು ಪೆನ್ನಿನಲ್ಲಿ ಎಷ್ಟು ಸಲ ಸುತ್ತು ಹಾಕಿದ್ದರೋ, ಹಾಳೆ ಹರಿದಿತ್ತು.

"ಅಷ್ಟರೊಳಗೆ ದೇವರು ಕೊಡ್ತಾನೆ ಅಂತ ನಂಬಿದ್ದೆ ಮೇಡಂ. ಆ ದಿನ ಕಳೆದುಹೋಯ್ತು. ನನ್ನ ವಿಶ್ವಾಸವೇ ಸಾಲದು, ಅಲ್ವಾ?"

ಅರ್ಜಿ ಹಾಕ್ತಾ ಇದ್ದೀರಾ ಎಂದು ಕೇಳಿದೆ. ಬಿಟ್ಟು ಐದು ತಿಂಗಳಾಯಿತು ಎಂದರು. ಅವರ ಚರ್ಚಿನ ಹಿರಿಯರೊಬ್ಬರು "ಕರ್ತನ ಸಮಯಕ್ಕೆ ಸುಮ್ನೆ ಕಾಯಿರಿ ಬ್ರದರ್" ಎಂದಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಇವರು ಮಾತ್ರ ಆ 'ಸುಮ್ನೆ'ಯನ್ನೇ ಹಿಡಿದು ಕೂತಿದ್ದರು.

ಬೈಬಲಿನ ಯೋಸೇಫನ ಕಥೆ ಅವರಿಗೆ ಬಾಯಿಪಾಠ. 17ನೇ ವಯಸ್ಸಿನಲ್ಲಿ ದೊಡ್ಡವನಾಗುವ ಕನಸು, ಆಮೇಲೆ ಗುಲಾಮಗಿರಿ, ಸೆರೆಮನೆ, ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತದ್ದು 30ರಲ್ಲಿ. "13 ವರ್ಷ ಕಾದ" ಎಂದರು. ಸರಿ, ಸೆರೆಮನೆಯಲ್ಲಿ ಜೊತೆಗಿದ್ದ ಪಾನದಾಯಕನಿಗೆ, ಅಂದರೆ ರಾಜನಿಗೆ ದ್ರಾಕ್ಷಾರಸ ಕೊಡುತ್ತಿದ್ದವನಿಗೆ, ಏನು ಹೇಳಿದ, ಓದಿ ಎಂದೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡ, 40ನೇ ಅಧ್ಯಾಯ, 14ನೇ ವಚನ. ನಿನಗೆ ಒಳ್ಳೆಯದಾದಾಗ ನನ್ನನ್ನು ನೆನಸಿಕೋ, ಫರೋಹನಿಗೆ ನನ್ನ ವಿಷಯ ತಿಳಿಸು ಎಂದು ಯೋಸೇಫ ಬಾಯಿಬಿಟ್ಟು ಕೇಳಿಕೊಳ್ಳುತ್ತಾನೆ. ಆ ಮನುಷ್ಯ ಮರೆತೇಬಿಟ್ಟ. ಮತ್ತೆ ಎರಡು ವರ್ಷ ಸೆರೆ.

ಅವರು ಆ ವಚನವನ್ನು ಎರಡು ಸಲ ಓದಿದರು. "ಇವನೂ ಶಿಫಾರಸು ಕೇಳಿದನಾ!" ಎಂದು ನಕ್ಕರು. ಆ ದಿನದ ಮೊದಲ ನಗು.

"ನನ್ನ ವಿಷಯದಲ್ಲಿ ಆ ಸಮಯ ಯಾವಾಗ ಮೇಡಂ?"

ಗೊತ್ತಿಲ್ಲ ಎಂದೆ. ಯೋಸೇಫನಿಗೂ ಗೊತ್ತಿರಲಿಲ್ಲ. ಅವನ ಕಥೆಯ ಕೊನೆ ಓದಿರುವುದು ನಾವು, ಅವನಲ್ಲ.

ನಾನು ಹೇಳಿದ್ದು ಜಾಸ್ತಿ ಏನಿಲ್ಲ. ಗಡುವು ಬೇಕೇ ಬೇಕು ಅಂದರೆ ಅರ್ಜಿಗೆ ಹಾಕಿಕೊಳ್ಳಿ, ವಾರಕ್ಕೆ ಮೂರು. ಪರಿಚಯದವರ ಹತ್ತಿರ ಕೇಳಲು ನಾಚಿಕೆ ಬೇಡ. ಸಿಟ್ಟು ಬಂದ ದಿನ ದೇವರ ಮುಂದೆ ಚೆನ್ನಾಗಿರುವ ಹಾಗೆ ನಟಿಸಬೇಡಿ, ಬೈಬಲಿನ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಮೊದಲ ಎರಡು ವಚನಗಳಲ್ಲೇ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. (ಹಾಗೆ ಕೇಳುವುದು ಅವಿಶ್ವಾಸ ಅನ್ನುವವರು ಆ ಕೀರ್ತನೆಯನ್ನು ಏನು ಮಾಡುತ್ತಾರೋ!) ಅವರಿಗೆ ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಅದಕ್ಕೆ ಡಾಕ್ಟರ ಹತ್ತಿರ ಕಳಿಸಿದೆ.

ಮೂರನೇ ಭೇಟಿಗೂ ಅದೇ ನೋಟ್‌ಬುಕ್ ತಂದಿದ್ದರು. ಕೆಲಸ ಸಿಕ್ಕಿರಲಿಲ್ಲ. ಹರಿದ ಹಾಳೆಗೆ ಟೇಪ್ ಅಂಟಿಸಿ, ಅದರ ಹಿಂಬದಿಯಲ್ಲಿ ಏಳು ಕಂಪನಿಗಳ ಹೆಸರು ಬರೆದಿದ್ದರು. ಪಕ್ಕದಲ್ಲಿ ಅರ್ಜಿ ಹಾಕಿದ ದಿನ. ಉತ್ತರ ಬರಬೇಕಾದ ಜಾಗ ಖಾಲಿ ಬಿಟ್ಟಿದ್ದರು.