ಡ್ರೆಸ್ಡೆನ್: ಒಂದು ಸೊನ್ನೆಯ ಲೆಕ್ಕ

ಅಂಕೋಲೆಯ ಓದುಗರೊಬ್ಬರು ಬರೆದಿದ್ದಾರೆ: "ಡ್ರೆಸ್ಡೆನ್ ಬಾಂಬ್ ದಾಳಿಯಲ್ಲಿ 25 ಸಾವಿರ ಜನ ಸತ್ತರೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎರಡು ಲಕ್ಷಕ್ಕೂ ಹೆಚ್ಚು ಎಂದು ನಾನು ಓದಿದ್ದೇನೆ. ನಿರಾಶ್ರಿತರು ಲೆಕ್ಕಕ್ಕೇ ಸಿಗಲಿಲ್ಲ, ಎಷ್ಟೋ ದೇಹಗಳು ಬೂದಿಯಾಗಿ ಹೋದವು. ಗೆದ್ದವರ ಲೆಕ್ಕವನ್ನು ನೀವೂ ಒಪ್ಪಿಕೊಂಡಿರೇಕೆ?"

ಮಾನ್ಯರೇ, ಅದು ಗೆದ್ದವರ ಲೆಕ್ಕವಲ್ಲ. ಬೆಂದುಹೋದ ಊರಿನ ಪೊಲೀಸರೇ ತಿಂಗಳೊಪ್ಪತ್ತಿನಲ್ಲಿ ಬರೆದಿಟ್ಟದ್ದು. ಜರ್ಮನಿಯ ಈ ಊರಿನ ಮೇಲೆ ಬ್ರಿಟನ್, ಅಮೆರಿಕಗಳ ವಿಮಾನದಾಳಿ ಶುರುವಾದದ್ದು 1945ರ ಫೆಬ್ರವರಿ 13ರ ರಾತ್ರಿ. ಮಾರ್ಚ್ 22ರ ಪೊಲೀಸ್ ದಿನದಾದೇಶ, ಸಂಖ್ಯೆ 47, ಹೀಗೆ ಹೇಳುತ್ತದೆ: ಸಿಕ್ಕ ಶವಗಳು 20,204, ಒಟ್ಟು 25,000 ಆಗಬಹುದು, ಆಲ್ಟ್‌ಮಾರ್ಕ್ಟ್ ಚೌಕದಲ್ಲಿ ಸುಟ್ಟದ್ದು 6,865. ಇದೇ ಆದೇಶದ ಖೋಟಾ ಪ್ರತಿಯಲ್ಲಿ ಅವು 2,02,040, 2,50,000 ಮತ್ತು 68,650. ಮೂರಕ್ಕೂ ಬಾಲದಲ್ಲಿ ಒಂದೊಂದು ಸೊನ್ನೆ ಸೇರಿದೆ. ಎರಡು ಲಕ್ಷದ ಮಾತನ್ನು ನಾಜಿ ಪ್ರಚಾರ ಇಲಾಖೆ ಫೆಬ್ರವರಿಯಲ್ಲೇ ತಟಸ್ಥ ದೇಶಗಳ ಪತ್ರಿಕೆಗಳಿಗೆ ದಾಟಿಸಿತ್ತು. ಸೊನ್ನೆಯಿಲ್ಲದ ಲೆಕ್ಕಕ್ಕೆ ತಾಳೆಯಾಗುವ ಇನ್ನೊಂದು ಪೊಲೀಸ್ ವರದಿ 1966ರಲ್ಲಿ ಸಿಕ್ಕಿತು.

ಯುದ್ಧಕ್ಕೆ ಹೆದರಿ ಪೂರ್ವದಿಂದ ಓಡಿಬಂದ ನಿರಾಶ್ರಿತರ ಪ್ರಶ್ನೆ ನ್ಯಾಯವಾದದ್ದೇ. ಡ್ರೆಸ್ಡೆನ್ ನಗರಾಡಳಿತ 2004ರಲ್ಲಿ ನೇಮಿಸಿದ ಇತಿಹಾಸಕಾರರ ಆಯೋಗ ಇದಕ್ಕಾಗಿಯೇ ಬಹಳ ದುಡಿಯಿತು. ಸ್ಮಶಾನಗಳ ದಫ್ತರ, ಮರಣ ನೋಂದಣಿ, ಕಾಣೆಯಾದವರನ್ನು ಸತ್ತರೆಂದು ಘೋಷಿಸಿದ ಕೋರ್ಟ್ ಕಡತ, ಎಲ್ಲವನ್ನೂ ತಾಳೆ ಹಾಕಿತು. ಹೊರಗಿನಿಂದ ಬಂದ ಲಕ್ಷಾಂತರ ಜನ ಅಲ್ಲಿ ಸತ್ತಿದ್ದರೆ ಅವರ ಬಂಧುಗಳು ಜರ್ಮನಿಯ ಮೂಲೆಮೂಲೆಯಿಂದ ವಿಚಾರಿಸಿರುತ್ತಿದ್ದರು, ಅಷ್ಟು ಕಾಗದ ಎಲ್ಲಾದರೂ ಉಳಿದಿರುತ್ತಿತ್ತು. ಉಳಿದಿಲ್ಲ.

ದೇಹಗಳು ಕುರುಹಿಲ್ಲದೆ ಬೂದಿಯಾದ ಮಾತನ್ನು ಅಸ್ಥಿ ಸಂಚಯನ ಮಾಡಿದ ಯಾರೂ ಒಪ್ಪಲಾರರು. ರಾತ್ರಿಯಿಡೀ ಉರಿದ ಚಿತೆಯಲ್ಲೂ ಎಲುಬು ಉಳಿಯುತ್ತದೆ. ಅದನ್ನೇ ಆಯ್ದು ಗೋಕರ್ಣಕ್ಕೆ ಒಯ್ಯುತ್ತೇವೆ. ಡ್ರೆಸ್ಡೆನ್‌ನಲ್ಲಿ ಬಹಳ ಜನ ಸತ್ತದ್ದು ಮನೆಯಡಿಯ ನೆಲಮಾಳಿಗೆಗಳಲ್ಲಿ. ಸ್ಫೋಟಕ ಬಾಂಬು ಛಾವಣಿ, ಕಿಟಕಿಗಳನ್ನು ಹಾರಿಸುತ್ತದೆ. ಹಿಂದೆಯೇ ಬಿದ್ದ ಬೆಂಕಿ ಬಾಂಬು ತೆರೆದುಕೊಂಡ ಮರದ ತೊಲೆಗಳನ್ನು ಹಿಡಿಯುತ್ತದೆ. ಮೂರು ತಾಸಿನ ಬಳಿಕ ವಿಮಾನಗಳ ಎರಡನೇ ತಂಡ ಬಂದಾಗ ಅಗ್ನಿಶಾಮಕದವರು ಬೀದಿಯಲ್ಲಿದ್ದರು. ಮೇಲೆ ಬೆಂಕಿ ಗಾಳಿಯನ್ನೆಲ್ಲ ಎಳೆದುಕೊಂಡಾಗ ಕೆಳಗೆ ಉಳಿದದ್ದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಕೂತವರು ಕೂತಲ್ಲೇ ಉಸಿರುಕಟ್ಟಿ ಸತ್ತರು. ಎತ್ತಲು, ಎಣಿಸಲು ಶವಗಳಿದ್ದವು.

ಎಲ್ಲ ಊರಿನ ಲೆಕ್ಕವೂ ಇಷ್ಟು ಗಟ್ಟಿಯಲ್ಲ. 1945ರ ಮಾರ್ಚ್ 10ರ ಟೋಕಿಯೊ ಬಾಂಬ್ ದಾಳಿಗೆ ಪೊಲೀಸರ ಅಂಕಿ 83,793, ಸಾಮಾನ್ಯ ಅಂದಾಜು ಒಂದು ಲಕ್ಷ. ಅಲ್ಲಿ ದೊಡ್ಡ ಅಂಕಿಯನ್ನೇ ನಾವು ಬಳಸುತ್ತೇವೆ. ಡ್ರೆಸ್ಡೆನ್ ವಿಷಯದಲ್ಲಿ ಹಟ ಹಿಡಿಯಲು ಕಾರಣವಿದೆ: ಉಬ್ಬಿದ ಅಂಕಿಯನ್ನು ಹೊತ್ತುಕೊಂಡು ನವನಾಜಿಗಳು ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ಮೆರವಣಿಗೆ ಮಾಡುತ್ತ ಬಂದರು, ಯಹೂದಿಗಳ ನರಮೇಧಕ್ಕೆ ಇದನ್ನು ಸರಿತೂಗಿಸಲು ನೋಡಿದರು. 2010ರಿಂದ ಅದೇ ಊರಿನವರು ಅವರೆದುರು ಕೈಕೈ ಹಿಡಿದು ಮಾನವ ಸರಪಳಿ ಕಟ್ಟುತ್ತಿದ್ದಾರೆ.

ನಮ್ಮದೂ ಒಂದು ತಪ್ಪಿದೆ. ಅದೇ 2010ರಲ್ಲಿ ಆಯೋಗ ಹೇಳಿದ್ದು "ಹೆಚ್ಚೆಂದರೆ 25 ಸಾವಿರ" ಎಂದು. "ಹೆಚ್ಚೆಂದರೆ" ನಮ್ಮ ಅಚ್ಚಿನಲ್ಲಿ ಬಿಟ್ಟುಹೋಗಿತ್ತು. ಓದುಗರು ತಿದ್ದಿಕೊಳ್ಳಬೇಕು.

— ಸಂಪಾದಕ