ಜಾರಿದ ಇಂಪ್ಲಾಂಟ್‌ಗೆ ಎರಡನೇ ಆಪರೇಷನ್: ಸೈಜಿಗಿಂತ ಮೊದಲು ಕಾರಣ ಕೇಳಿ

ಪ್ರಶ್ನೆ: ನನಗೆ 36 ವರ್ಷ, ಇಬ್ಬರು ಮಕ್ಕಳು. ಒಂದೂವರೆ ವರ್ಷದ ಹಿಂದೆ ಬೇರೆ ಊರಿನಲ್ಲಿ ಎರಡೂ ಸ್ತನಗಳಿಗೆ 400 ಸಿಸಿ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡೆ. ಮೊದಲ ಆರು ತಿಂಗಳು ಚೆನ್ನಾಗಿತ್ತು. ಈಗ ಬಲಗಡೆಯದು ಕೆಳಗೆ ಇಳಿದಿದೆ, ಅಂಗಾತ ಮಲಗಿದರೆ ಕಂಕುಳ ಕಡೆ ಸರಿಯುತ್ತದೆ. ತೊಟ್ಟು ಮೇಲಕ್ಕೆ ತಿರುಗಿದೆ. ರೊಟ್ಟಿ ಬಡಿಯುವಾಗ ಒಳಗೆ ಏನೋ ಅಲುಗಿದಂತಾಗುತ್ತದೆ. ನೋವಿಲ್ಲ. ತೋರಿಸಿದಾಗ, ‘ಸ್ವಲ್ಪ ದೊಡ್ಡ ಸೈಜು ಹಾಕಿದರೆ ಸರಿಹೋಗುತ್ತದೆ’ ಎಂದರು. ಮತ್ತೆ ಆಪರೇಷನ್ ಮಾಡಿಸಲೇ?
– ಹೆಸರು ಬೇಡ, ಗೋಕಾಕ

ಉತ್ತರ: ದೊಡ್ಡ ಸೈಜಿಗೆ ಈಗಲೇ ಒಪ್ಪಬೇಡಿ. ನೀವು ಬರೆದಿರುವುದನ್ನು ನೋಡಿದರೆ ಇಂಪ್ಲಾಂಟ್ ಕುಳಿತಿರುವ ಜಾಗ ಸಡಿಲಾಗಿದೆ. ಸಡಿಲಾದ ಜಾಗಕ್ಕೆ ಇನ್ನೂ ಭಾರ ಹಾಕುವುದೆಂದರೆ ಹೊಲಿಗೆ ಬಿಚ್ಚಿದ ಚೀಲಕ್ಕೆ ಮತ್ತಷ್ಟು ಜೋಳ ತುಂಬಿದ ಹಾಗೆ. ಮೊದಲ ಮೂರು ತಿಂಗಳು ಮೇಲ್ಭಾಗ ತುಂಬಿಕೊಂಡು ಚೆನ್ನಾಗಿ ಕಾಣಬಹುದು, ಆಮೇಲೆ ಈಗಿನದಕ್ಕಿಂತ ಕೆಳಗೆ ಇಳಿಯುತ್ತದೆ.

ಯಾವ ಇಂಪ್ಲಾಂಟ್ ಹಾಕಿದರೂ ದೇಹ ಅದರ ಸುತ್ತ ಒಂದು ತೆಳು ಪೊರೆ ಕಟ್ಟುತ್ತದೆ. ಇದಕ್ಕೆ ಕ್ಯಾಪ್ಸೂಲ್ ಎನ್ನುತ್ತಾರೆ. ಈ ಪೊರೆ, ಸ್ತನದ ಕೆಳಗಿನ ಮಡಿಕೆ ಮತ್ತು ಮೇಲಿನ ಚರ್ಮ, ಇವು ಮೂರೂ ಸೇರಿ ಇಂಪ್ಲಾಂಟನ್ನು ಹಿಡಿದಿಟ್ಟಿರುತ್ತವೆ. 400 ಸಿಸಿ ಜೆಲ್ ಎಂದರೆ ಹೆಚ್ಚುಕಡಿಮೆ 400 ಗ್ರಾಂ ತೂಕ. ಎರಡು ಬಸಿರು, ಹಾಲೂಡಿಸುವಿಕೆಯಲ್ಲಿ ಹಿಗ್ಗಿ ತೆಳುವಾದ ಚರ್ಮದ ಮೇಲೆ ಆ ಭಾರ ಹಗಲೂ ರಾತ್ರಿ ಬೀಳುತ್ತದೆ. ಮೊದಲ ಆಪರೇಷನ್ನಿನಲ್ಲಿ ಮಡಿಕೆಯನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಿದ್ದರೆ, ಅಥವಾ ಪಕ್ಕೆಯ ಕಡೆ ಜಾಗವನ್ನು ಅಗಲವಾಗಿ ಬಿಡಿಸಿದ್ದರೆ, ಹಿಡಿತ ಇನ್ನೂ ಬೇಗ ಬಿಡುತ್ತದೆ. ನಯವಾದ ಮೇಲ್ಮೈಯ ಇಂಪ್ಲಾಂಟ್ ಪೊರೆಗೆ ಅಂಟಿಕೊಳ್ಳುವುದಿಲ್ಲವಾದ್ದರಿಂದ ಜಾರಲು ಅದೂ ಸೇರಿಕೊಳ್ಳುತ್ತದೆ. ನಡುವೆ ಎಂಟು-ಹತ್ತು ಕೆ.ಜಿ. ತೂಕ ಇಳಿಸಿದ್ದೀರಾ? ಹಾಗಿದ್ದರೆ ಸರ್ಜನ್‌ಗೆ ತಪ್ಪದೆ ಹೇಳಿ.

ರೊಟ್ಟಿ ಬಡಿಯುವಾಗ ಅಲುಗುವುದು ಒಳ್ಳೆಯ ಸುಳಿವು. ಇಂಪ್ಲಾಂಟ್ ಎದೆಯ ದೊಡ್ಡ ಸ್ನಾಯುವಿನ ಕೆಳಗಿದ್ದರೆ, ಕೈಗೆ ಬಲ ಬಿದ್ದಾಗಲೆಲ್ಲ ಸ್ನಾಯು ಅದನ್ನು ಅದುಮಿ ಹೊರಕ್ಕೆ ತಳ್ಳುತ್ತದೆ. ಕನ್ನಡಿಯ ಮುಂದೆ ನಿಂತು ಎರಡೂ ಕೈಗಳನ್ನು ಸೊಂಟಕ್ಕೆ ಒತ್ತಿ ನೋಡಿ. ಒತ್ತಿದ ಕೂಡಲೇ ಇಂಪ್ಲಾಂಟ್ ಮೇಲಕ್ಕೋ ಪಕ್ಕಕ್ಕೋ ಜಿಗಿದರೆ, ಹೊಲಿಗೆ ಬಿಗಿ ಮಾಡಿದರಷ್ಟೇ ಸಾಲದು. ಇಂಪ್ಲಾಂಟನ್ನು ಸ್ನಾಯುವಿನ ಕೆಳಗಿನಿಂದ ಮೇಲಿನ ಪದರಕ್ಕೆ ತರುವುದು ಹೊಂದುತ್ತದೆಯೇ ಎಂದು ಕೇಳಬೇಕು. ಚರ್ಮ ತೀರ ತೆಳುವಿದ್ದವರಿಗೆ ಅದು ಆಗಿಬರುವುದಿಲ್ಲ, ಅಂಚು ಕೈಗೆ ಸಿಗುತ್ತದೆ, ಮೇಲ್ಗಡೆ ನಿರಿಗೆ ಕಾಣುತ್ತದೆ.

ಮನೆಯಲ್ಲೇ ಅಳೆಯಿರಿ. ದರ್ಜಿಯ ಟೇಪು ಸಾಕು. ನೆಟ್ಟಗೆ ನಿಂತು, ಕೈ ಇಳಿಬಿಟ್ಟು ಮೊದಲು ಕುತ್ತಿಗೆಯ ಬುಡದ ಗುಳಿಯಿಂದ ತೊಟ್ಟಿನವರೆಗೆ, ಆಮೇಲೆ ತೊಟ್ಟಿನಿಂದ ಕೆಳಗಿನ ಮಡಿಕೆಯವರೆಗೆ ಚರ್ಮವನ್ನು ತುಸು ಎಳೆದು ಹಿಡಿದು ಅಳೆಯಿರಿ. ಎರಡೂ ಕಡೆ. ಮೊದಲ ಅಳತೆ ಎರಡೂ ಕಡೆ ಹತ್ತಿರ ಹತ್ತಿರವಿದ್ದು, ಎರಡನೆಯದು ಬಲಗಡೆ ಎಡಗಡೆಗಿಂತ ಎರಡು ಸೆಂ.ಮೀ.ನಷ್ಟು ಅಥವಾ ಇನ್ನೂ ಹೆಚ್ಚಿದ್ದರೆ ತಳ ಜಾರಿದೆ ಎಂದರ್ಥ. ಮಡಿಕೆಯಲ್ಲಿ ಅಡಗಿರಬೇಕಾದ ಹಳೆ ಗಾಯದ ಗುರುತು ಈಗ ಸ್ತನದ ಮೇಲೆ ಹತ್ತಿ ಬಂದಿದ್ದರೆ ಅನುಮಾನವೇ ಬೇಡ. ಅಳತೆ ಬರೆದಿಟ್ಟು, ತಿಂಗಳಿಗೊಮ್ಮೆ ಒಂದೇ ಜಾಗ, ಒಂದೇ ಬೆಳಕಿನಲ್ಲಿ ಫೋಟೊ ತೆಗೆಸಿ: ಎದುರಿನಿಂದ, ಎರಡು ಪಕ್ಕದಿಂದ, ಕೈ ಎತ್ತಿ, ಅಂಗಾತ ಮಲಗಿ. ಮೂರು ತಿಂಗಳ ಫೋಟೊ ಇದ್ದರೆ ಜಾರುವುದು ನಿಂತಿದೆಯೋ ಇನ್ನೂ ನಡೆದಿದೆಯೋ ಎಂದು ಸರ್ಜನ್‌ಗೆ ಒಂದು ನೋಟಕ್ಕೆ ತಿಳಿಯುತ್ತದೆ.

ಇದರ ಜೊತೆಗೆ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಇಂಪ್ಲಾಂಟ್ ಒಡೆದಿದೆಯೇ, ಸುತ್ತ ನೀರು ತುಂಬಿದೆಯೇ ಎಂದು ನೋಡಲು. ಬೆಳಗಾವಿಯ ಕೆಎಲ್‌ಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ, ವಿಜಯಪುರದ ಬಿಎಲ್‌ಡಿಇ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ನಮ್ಮ ಭಾಗದಲ್ಲೇ ಇವೆ, ಸ್ಕ್ಯಾನಿಗೆಂದು ದೂರ ಓಡಬೇಕಿಲ್ಲ. ಇಂಪ್ಲಾಂಟ್ ಇರುವ ವಿಷಯ ಮೊದಲೇ ಹೇಳಿ. ನೀರು ಕಂಡರೂ ಅಲ್ಟ್ರಾಸೌಂಡ್ ನೋಡಿಕೊಂಡಲ್ಲದೆ ಯಾರಿಗೂ ಸೂಜಿ ಹಾಕಲು ಬಿಡಬೇಡಿ. ಕುರುಡಾಗಿ ಚುಚ್ಚಿದರೆ ಇಂಪ್ಲಾಂಟೇ ತೂತಾಗಬಹುದು.

ಮೊದಲ ಆಪರೇಷನ್ನಿನ ಕಾಗದ ಹುಡುಕಿ. ಇಂಪ್ಲಾಂಟ್ ಕಾರ್ಡಿನಲ್ಲಿ ಕಂಪನಿ, ಮಾದರಿ, ಸೈಜು, ಸೀರಿಯಲ್ ನಂಬರ್ ಇರುತ್ತವೆ. ಡಿಸ್ಚಾರ್ಜ್ ಕಾಗದದಲ್ಲಿ ಸ್ನಾಯುವಿನ ಕೆಳಗೋ ಮೇಲೋ ಎಂದು ಬರೆದಿರುತ್ತದೆ. ಕಳೆದಿದ್ದರೆ ಆಸ್ಪತ್ರೆಯಿಂದ ಲಿಖಿತವಾಗಿ ಕೇಳಿ, ಅದು ನಿಮ್ಮ ಹಕ್ಕು. ಈ ಕಾಗದವಿಲ್ಲದೆ ಎರಡನೇ ಸರ್ಜನ್ ಒಳಗೆ ಹೋದ ಮೇಲೆಯೇ ನೋಡಿ ತೀರ್ಮಾನಿಸಬೇಕಾಗುತ್ತದೆ.

ಇನ್ನು ರಿಪೇರಿಯ ಬಗೆ. ಸಾಮಾನ್ಯವಾಗಿ ಹಳೆ ಗಾಯದಲ್ಲೇ ತೆರೆದು ಇಂಪ್ಲಾಂಟ್ ಹೊರತೆಗೆಯುತ್ತಾರೆ. ಜಾಗ ಅಗಲವಾದ ಕಡೆ, ನಿಮಗೆ ತಳ ಮತ್ತು ಹೊರಪಕ್ಕ, ಪೊರೆಯನ್ನು ಒಂದಕ್ಕೊಂದು ಸೇರಿಸಿ, ಕರಗದ ದಾರದಿಂದ ಸಾಲು ಸಾಲಾಗಿ ಹೊಲಿದು, ಹೊಸ ಮಡಿಕೆಯನ್ನು ಪಕ್ಕೆಲುಬಿನ ಮೇಲಿನ ಗಟ್ಟಿ ಪದರಕ್ಕೆ ಬಿಗಿಯುತ್ತಾರೆ. ಇದಕ್ಕೆ ಕ್ಯಾಪ್ಸುಲೊರಾಫಿ ಎಂದು ಹೆಸರು. ಇಷ್ಟು ಮಾಡಿ ಎದುರು ಬದಿಯನ್ನು, ಅಂದರೆ ಮೇಲ್ಗಡೆ ಮತ್ತು ಎದೆಮೂಳೆಯ ಕಡೆಯ ಪೊರೆಯನ್ನು, ಬೇಕಾದಷ್ಟು ಬಿಡಿಸದಿದ್ದರೆ ಇಂಪ್ಲಾಂಟ್‌ಗೆ ಕೂರಲು ಜಾಗ ಸಾಲದೆ ಅದು ಹೊಸ ಹೊಲಿಗೆಯನ್ನೇ ತಳ್ಳುತ್ತದೆ. ರಿಪೇರಿ ಕೆಡುವುದು ಹೆಚ್ಚಾಗಿ ಇಲ್ಲಿ. ಎರಡನೇ ಕಾರಣ ಪೊರೆ ತೀರ ತೆಳುವಿರುವುದು, ದಾರ ಕುಯ್ದುಕೊಂಡು ಹೊರಬರುತ್ತದೆ. ಅಂಥವರಿಗೆ ಹಳೆ ಪೊರೆಯನ್ನು ಮುಚ್ಚಿ ಅದರ ಮುಂದೆ ಹೊಸ ಜಾಗ ಮಾಡುವುದು, ಅಥವಾ ತಳಕ್ಕೆ ಆಸರೆಯಾಗಿ ಮೆಶ್ (ಬಲೆಯಂಥ ಹಾಳೆ) ಇಡುವುದು ಮೇಲು. ಮೆಶ್ ದುಬಾರಿ, ಅದರ ದರ ಬೇರೆಯಾಗಿ ಬರೆಸಿಕೊಳ್ಳಿ.

ನಮ್ಮ ಅಭಿಪ್ರಾಯ ಕೇಳಿದರೆ, ನಿಮ್ಮಂಥವರಿಗೆ ರಿಪೇರಿಯ ಜೊತೆಗೆ ಎರಡೂ ಕಡೆ ಸೈಜು ಇಳಿಸುವುದೇ ಬಾಳಿಕೆಯ ದಾರಿ. ಭಾರ ಇಳಿಸದೆ ಹೊಲಿಗೆ ಮಾತ್ರ ಬಿಗಿ ಮಾಡಿದರೆ ಕಾರಣ ಹಾಗೆಯೇ ಉಳಿಯುತ್ತದೆ. ಇಂಪ್ಲಾಂಟೇ ಬೇಡವೆಂದು ತೆಗೆಸಿ, ಜೋತ ಚರ್ಮವನ್ನು ಎತ್ತಿ ಕಟ್ಟಿಸಿಕೊಳ್ಳುವುದೂ ಗೌರವದ ಆಯ್ಕೆಯೇ. ಸ್ಕ್ಯಾನಿನಲ್ಲಿ ಏನೂ ಇಲ್ಲದಿದ್ದರೆ ಸುಮ್ಮನೆ ಇರುವುದೂ ತಪ್ಪಲ್ಲ: ಜಾರಿದ ಇಂಪ್ಲಾಂಟ್ ನೋಡಲು ಬೇಸರ ತರುತ್ತದೆ, ಜಾರಿದ್ದರಿಂದಲೇ ಜೀವಕ್ಕೆ ಅಪಾಯವಿಲ್ಲ. ಆದರೆ ಪ್ರತಿ ಹೊಸ ಆಪರೇಷನ್ನಿಗೂ ಚರ್ಮ ಇನ್ನಷ್ಟು ತೆಳುವಾಗುತ್ತದೆ. ಆದ್ದರಿಂದ ಎರಡನೆಯದೇ ಕೊನೆಯದಾಗುವಂತೆ ಯೋಚಿಸಬೇಕು.

ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪದವಿ ಪಡೆದಿರಬೇಕು. ‘ಕಾಸ್ಮೆಟಿಕ್ ಸರ್ಜನ್’ ಎಂಬ ಬೋರ್ಡು ಸಾಲದು. ಅವರಿಗೆ ಕೇಳಿ: ಯಾಕೆ ಜಾರಿತು? ಯಾವ ಪದರದಲ್ಲಿ ಇಡುತ್ತೀರಿ? ಪೊರೆ ತೆಳುವಿದ್ದರೆ ಮುಂದೇನು? ಮತ್ತೆ ಜಾರಿದರೆ ಖರ್ಚು ಯಾರದು? ಮೊದಲ ಪ್ರಶ್ನೆಗೆ ನೇರ ಉತ್ತರ ಬಾರದಿದ್ದರೆ ಬೇರೆಯವರಿಗೆ ತೋರಿಸಿ.

ಆಪರೇಷನ್ನಿಗೆ ನಾಲ್ಕು ವಾರ ಮೊದಲಿನಿಂದ, ಆಮೇಲೂ ನಾಲ್ಕು ವಾರ ಯಾವ ರೂಪದ ತಂಬಾಕೂ ಕೂಡದು. ಹಲ್ಲಿಗೆ ಮಿಶ್ರಿ ತಿಕ್ಕುವ ರೂಢಿಯಿದ್ದರೆ ಅದೂ ತಂಬಾಕೇ, ಎಷ್ಟೋ ಜನ ಅದನ್ನು ಹೇಳುವುದೇ ಇಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡಿ ಗಾಯ ಕೂಡದಂತೆ ಮಾಡುತ್ತದೆ. ಆಮೇಲೆ ಆರು ವಾರ ರೊಟ್ಟಿ ಬಡಿಯುವುದು, ತುಂಬಿದ ಕೊಡ ಎತ್ತುವುದು, ಒರಳು ತಿರುಗಿಸುವುದು, ಸ್ಕೂಟಿ ಓಡಿಸುವುದು ಬೇಡ. ಮೊದಲ ವಾರಗಳಲ್ಲಿ ಬೆನ್ನ ಮೇಲೆ ತಲೆ ಎತ್ತರಿಸಿ ಮಲಗಬೇಕು. ಸಪೋರ್ಟ್ ಬ್ರಾ ಆರರಿಂದ ಎಂಟು ವಾರ, ರಾತ್ರಿಯೂ. ಏಪ್ರಿಲ್-ಮೇ ಬಿಸಿಲಲ್ಲಿ ಅದನ್ನು ತೊಟ್ಟಿರುವುದು ಕಷ್ಟ, ಬೆವರಿಗೆ ಮಡಿಕೆಯಲ್ಲಿ ಕಜ್ಜಿ ಏಳುತ್ತದೆ. ದೀಪಾವಳಿಯ ನಂತರ, ಶಿವರಾತ್ರಿಗೆ ಮುಂಚೆ ಮಾಡಿಸಿದರೆ ಅನುಕೂಲ. ಬೆಂಗಳೂರಿನಲ್ಲಿ ಮಾಡಿಸುವುದಾದರೆ ಗಾಯದೊಳಗಿನ ನೀರು ಹೊರಬರಲು ಇಡುವ ಡ್ರೇನ್ ನಳಿಕೆ ತೆಗೆಯುವವರೆಗೆ ಅಲ್ಲೇ ಉಳಿಯಿರಿ. ಸುಮಾರು 500 ಕಿ.ಮೀ. ಬಸ್ಸಿನಲ್ಲಿ ಅಲುಗಾಡಿ ಬರುವುದು ಹಸಿ ಹೊಲಿಗೆಗೆ ಒಳ್ಳೆಯದಲ್ಲ.

ಪ್ರಶ್ನೆ: ತಾಯಿಗೆ 52 ವರ್ಷ. ಕ್ಯಾನ್ಸರ್‌ಗೆ ಎಡಸ್ತನ ತೆಗೆದು ಇಂಪ್ಲಾಂಟ್ ಇಟ್ಟರು, ನಂತರ ರೇಡಿಯೇಷನ್ ಆಯಿತು. ಒಂದು ವರ್ಷದಲ್ಲಿ ಅದು ಕಲ್ಲಿನಂತೆ ಗಟ್ಟಿಯಾಗಿ ಮೇಲಕ್ಕೆ ಏರಿದೆ, ನೋವೂ ಇದೆ. ಕೆಳಗೆ ಇಳಿಸಬಹುದೇ? ವಿಮೆ ಸಿಗುತ್ತದೆಯೇ?
– ವಿಜಯಪುರ

ಉತ್ತರ: ಗೋಕಾಕದವರ ಪೊರೆ ಸಡಿಲಾಗಿದೆ, ನಿಮ್ಮ ತಾಯಿಯವರದು ಕುಗ್ಗಿ ಬಿಗಿಯಾಗಿದೆ. ರೇಡಿಯೇಷನ್ ಆದವರಲ್ಲಿ ಇದು ಹೆಚ್ಚು. ಗಟ್ಟಿಯಾಗಿ, ಆಕಾರ ಕೆಟ್ಟು, ನೋವೂ ಇದ್ದರೆ, ಪೊರೆಯ ಬಿಗಿತವನ್ನು ಹೇಳುವ ಬೇಕರ್ ಅಳತೆಯಲ್ಲಿ ಅದು ನಾಲ್ಕನೇ ಹಂತ, ಅಂದರೆ ಕೊನೆಯದು. ಮೊದಲು ಕ್ಯಾನ್ಸರ್ ಡಾಕ್ಟರರಿಗೆ ತೋರಿಸಿ, ಗಟ್ಟಿಯಾಗಿರುವುದು ಪೊರೆಯೇ ಹೊರತು ಮರಳಿ ಬಂದ ಗಡ್ಡೆಯಲ್ಲ ಎಂದು ಖಚಿತ ಮಾಡಿಕೊಳ್ಳಿ. ತಿಕ್ಕಿ, ಒತ್ತಿ ಇಳಿಸಲು ಹೋಗಬೇಡಿ. ರೇಡಿಯೇಷನ್ ಬಿದ್ದ ಚರ್ಮ ತೆರೆದುಕೊಂಡರೆ ಕೂಡುವುದು ಕಷ್ಟ.

ಪೊರೆ ಬಿಡಿಸಿ ಹೊಸ ಇಂಪ್ಲಾಂಟ್ ಇಡಬಹುದು, ಆದರೆ ಅದೇ ಚರ್ಮದ ಕೆಳಗೆ ಮತ್ತೆ ಬಿಗಿಯಾಗುವ ಸಂಭವ ಹೆಚ್ಚು. ಇಂಪ್ಲಾಂಟ್ ತೆಗೆದು ಬೆನ್ನಿನ ಅಥವಾ ಹೊಟ್ಟೆಯ ಸ್ವಂತ ಮಾಂಸ-ಚರ್ಮದಿಂದ ಸ್ತನ ಕಟ್ಟುವುದು ದೊಡ್ಡ ಆಪರೇಷನ್ನಾದರೂ ಹೆಚ್ಚು ಬಾಳುತ್ತದೆ. ಸ್ತನ ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮೊಕ್ಸಿಫೆನ್ ಮಾತ್ರೆ ನಡೆದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯದ ಬಗ್ಗೆ ಸರ್ಜನ್‌ಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ವಿಮೆಯಲ್ಲಿ ಅಂದಕ್ಕಾಗಿ ಮಾಡುವ ಸರ್ಜರಿಗೆ ಹಣವಿಲ್ಲ, ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಯನ್ನು ಆ ನಿಷೇಧದಿಂದ ಹೊರಗಿಟ್ಟಿದ್ದಾರೆ. ಡಾಕ್ಟರರ ಪತ್ರದಲ್ಲಿ ಕ್ಯಾನ್ಸರಿನ ಹೆಸರು, ಸ್ತನ ತೆಗೆದ ದಿನಾಂಕ, ನೋವು, ಪೊರೆ ಬಿಗಿದ ಹಂತ ಸ್ಪಷ್ಟವಾಗಿ ಇರಲಿ. ದಾಖಲಾಗುವ ಮೊದಲೇ ವಿಮಾ ಕಂಪನಿಯ ಒಪ್ಪಿಗೆ ತರಿಸಿಕೊಳ್ಳಿ.

ಪ್ರಶ್ನೆ: ಇಂಪ್ಲಾಂಟ್ ಆಪರೇಷನ್ ಆಗಿ ಏಳು ವಾರ ಆತ್ರಿ. ಎರಡೂ ಭಾಳ ಮ್ಯಾಲೆ ಕುಂತಾವು, ಎಡಗಡೆದು ಇನ್ನೊಂದೀಟು ಮ್ಯಾಲೈತಿ. ಈಗಲೇ ಸರಿ ಮಾಡಿಸಬೇಕೇನ್ರಿ?
– ಬಾಗಲಕೋಟೆ

ಉತ್ತರ: ಬೇಡ್ರಿ. ಸ್ನಾಯು ಸಡಿಲಾಗಿ, ಬಾವು ಇಳಿದು ಇಂಪ್ಲಾಂಟ್ ತನ್ನ ಜಾಗಕ್ಕೆ ಕೂರಲು ಮೂರರಿಂದ ಆರು ತಿಂಗಳು ಬೇಕು, ಎರಡೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಇಂಪ್ಲಾಂಟನ್ನು ಕೆಳಕ್ಕೆ ಒತ್ತಲು ಸ್ತನದ ಮೇಲ್ಭಾಗಕ್ಕೆ ಕಟ್ಟುವ ಪಟ್ಟಿಯನ್ನು ಸರ್ಜನ್ ಹೇಳಿದರೆ ಮಾತ್ರ ಕಟ್ಟಿ. ಆರು ತಿಂಗಳಿಗೂ ಹಾಗೇ ಇದ್ದರೆ ಆಗ ರಿಪೇರಿಯ ಮಾತು. ಈ ನಡುವೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿದರೆ, ಕೆಂಪಾಗಿ ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ ಅದೇ ದಿನ ತೋರಿಸಿ. ವರ್ಷ ಕಳೆದ ಮೇಲೆ ಎಂದಾದರೂ ಒಂದೇ ಕಡೆ ನೀರು ತುಂಬಿ ಊದಿದರೂ ತಡ ಮಾಡಬೇಡಿ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ (ರೋಗನಿರೋಧಕ ಕಣಗಳ ಕ್ಯಾನ್ಸರ್) ಬರುತ್ತದೆ, ಅದೇ ಕಾರಣಕ್ಕೆ 2019ರ ಜುಲೈಯಲ್ಲಿ ಅಲರ್ಗನ್ ಕಂಪನಿಯ ಬಯೊಸೆಲ್ ಮಾದರಿಯನ್ನು ಜಗತ್ತಿನ ಎಲ್ಲ ಕಡೆಯಿಂದ ವಾಪಸ್ ತರಿಸಿಕೊಂಡರು. ಆ ನೀರನ್ನು ಅಲ್ಟ್ರಾಸೌಂಡ್ ನೋಡಿಕೊಂಡು ತೆಗೆದು, ಈ ಲಿಂಫೋಮಾ ಪತ್ತೆಗೆ ಮಾಡುವ ಸಿಡಿ30 ಪರೀಕ್ಷೆಗೆ ಕಳಿಸಬೇಕು.