ಅತ್ತೆಯವರ ರಾಹುಕಾಲ, ಮಗಳ ಹಾಸಿಗೆ

ಮಾನ್ಯರೆ,

ನಿಮ್ಮ ಮನೆಯ ಎರಡು ಆಚರಣೆಗಳ ಬಗ್ಗೆ ಬರೆದಿದ್ದೀರಿ. ಅತ್ತೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡದೆ ಹೊಸಿಲು ದಾಟುವುದಿಲ್ಲ. ಹತ್ತನೆಯ ತರಗತಿಯ ಮಗಳು ಮುಟ್ಟಾದರೆ ಮೂರು ರಾತ್ರಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಬೇಕು. ಎರಡನ್ನೂ ಸಹಿಸಬೇಕೆ, ಎರಡನ್ನೂ ವಿರೋಧಿಸಬೇಕೆ ಎಂದು ಕೇಳಿದ್ದೀರಿ. ನಂಬುವವರು ಯಾರು, ಆ ನಂಬಿಕೆಯ ಹೊರೆ ಹೊರುವವರು ಯಾರು ಎಂದು ನೋಡಿದರೆ ಇವೆರಡೂ ಬೇರೆ ಬೇರೆಯೆಂದು ನನಗೆ ತೋರುತ್ತದೆ.

ಹಗಲನ್ನು ಎಂಟು ಪಾಲು ಮಾಡಿ, ದಿನಕ್ಕೊಂದು ಪಾಲನ್ನು ರಾಹುವಿಗೆ ಬಿಡುವ ಲೆಕ್ಕವೇ ರಾಹುಕಾಲ. ಸೂರ್ಯೋದಯ ಆರು ಗಂಟೆಗೆಂದು ಹಿಡಿದು ಸೋಮವಾರ 7.30ರಿಂದ 9, ಶುಕ್ರವಾರ 10.30ರಿಂದ 12 ಎಂದು ಕ್ಯಾಲೆಂಡರುಗಳಲ್ಲಿ ಅಚ್ಚಾಗುತ್ತದೆ. ಆ ಲೆಕ್ಕಕ್ಕೂ ನಮ್ಮ ಕೆಲಸ ಕೈಗೂಡುವುದಕ್ಕೂ ಸಂಬಂಧವಿದೆಯೆಂದು ನಾನು ನಂಬುವುದಿಲ್ಲ. ಆದರೆ ಮಂಗಳವಾರ, ಶುಕ್ರವಾರಗಳಂದು ಅದೇ ಹೊತ್ತಿನಲ್ಲಿ ನಿಂಬೆಹಣ್ಣಿನ ಹೋಳನ್ನು ಹಿಂಡಿ, ಸಿಪ್ಪೆಯನ್ನು ಮಗುಚಿ, ತುಪ್ಪದ ಬತ್ತಿಯಿಟ್ಟು ದುರ್ಗೆಯ ಮುಂದೆ ದೀಪ ಹಚ್ಚುವ ಹೆಂಗಸರನ್ನು ನೋಡಿದಾಗ, ಭಯದ ಹೊತ್ತನ್ನೇ ಅವರು ಧೈರ್ಯ ಬೇಡಿಕೊಳ್ಳುವ ಹೊತ್ತಾಗಿಸಿಕೊಂಡಿದ್ದಾರೆ ಎನ್ನಿಸುತ್ತದೆ. ಅತ್ತೆಯವರು ಕಾಯುವುದು ತಮ್ಮದೇ ಸಮಯವನ್ನು ಕೊಟ್ಟು. ಎದೆನೋವೆಂದವರನ್ನು ಆಸ್ಪತ್ರೆಗೆ ಕರೆದೊಯ್ಯಲು ಅವರು ಅಡ್ಡಿಪಡಿಸದಿರುವವರೆಗೆ ಅವರನ್ನು ಅವರ ಪಾಡಿಗೆ ಬಿಡಿ.

ಮಗಳ ವಿಷಯ ಹಾಗಲ್ಲ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಲವು ಗೊಲ್ಲರಹಟ್ಟಿಗಳಲ್ಲಿ, ಅಂದರೆ ಗೊಲ್ಲ ಸಮುದಾಯದವರು ನೆಲೆಸಿದ ಪುಟ್ಟ ಊರುಗಳಲ್ಲಿ, ಸೂತಕವಾದರೆ ಹಟ್ಟಿಯ ದೇವರು ಮುನಿಯುತ್ತಾನೆಂಬ ಅಂಜಿಕೆಯಿಂದ, ಮುಟ್ಟಾದವರನ್ನೂ ಬಾಣಂತಿಯರನ್ನೂ ಊರಾಚೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈ ತಿಂಗಳ ಮಳೆಯಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ, ಗುಡಿಸಲಿನಲ್ಲಿ ತಾಯಿಯೊಡನಿದ್ದ ಹಸುಗೂಸು ತೀರಿಕೊಂಡಿತು. ಹೀಗೆ ಹೊರಗಿರಿಸಿದ ಹೆಂಗಸರು ಉಳಿದುಕೊಳ್ಳಲೆಂದು ಇಂಥ ಹಟ್ಟಿಗಳಲ್ಲಿ ಸರ್ಕಾರವೇ ‘ಕೃಷ್ಣ ಕುಟೀರ’ಗಳೆಂಬ ಕಟ್ಟಡಗಳನ್ನು ಕಟ್ಟಿಸಿತ್ತು, ಗುಡಿಸಲಿಗಿಂತ ಅದು ಮೇಲೆಂಬುದು ನಿಜವಾದರೂ, ಹೊರಗಿಡುವುದಕ್ಕೆ ಗಟ್ಟಿ ಗೋಡೆ ಕಟ್ಟಿಕೊಟ್ಟಂತಾಯಿತೆಂಬ ಸಂಕಟ ನನ್ನನ್ನು ಬಿಡುವುದಿಲ್ಲ. ಇದನ್ನು ಒಂದು ಸಮುದಾಯದ ದೋಷವೆಂದು ತಳ್ಳಿಹಾಕುವಂತಿಲ್ಲ. ‘ಹೊರಗಾದವರನ್ನು’ ಮೂಲೆಗೆ ಕೂರಿಸಿ, ಅವರ ತಟ್ಟೆ ಲೋಟವನ್ನು ಬೇರೆಯಿಟ್ಟ ಮನೆಗಳು ಎಲ್ಲ ಜಾತಿಗಳಲ್ಲೂ ಇವೆ. ನಿಮ್ಮ ಕೊಟ್ಟಿಗೆಯ ಕೋಣೆಯೂ ಆ ಸಾಲಿಗೇ ಸೇರಿದ್ದು.

ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ರಾಜ್ಯವು 2017ರಲ್ಲಿ ತಂದ ಕಾಯ್ದೆಯು ಮನೆಯ ಪೂಜೆ, ಯಾತ್ರೆ, ಜ್ಯೋತಿಷಿಯ ಸಲಹೆಗಳನ್ನು ಮುಟ್ಟುವುದಿಲ್ಲ. ಆದರೆ ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದನ್ನು ನಿಷೇಧಿಸುತ್ತದೆ. ಹಾಗೆಂದು ಅತ್ತೆಯವರ ಮುಂದೆ ಕಾಯ್ದೆಯ ಮಾತೆತ್ತಬೇಡಿ. ಆ ವಯಸ್ಸಿನಲ್ಲಿ ಅವರೂ ಅಂಥದ್ದೇ ಕೋಣೆಯಲ್ಲಿ ಮಲಗಿದ್ದಿರಬಹುದು. ಚಳಿಯಲ್ಲಿ, ಕತ್ತಲಲ್ಲಿ ಹೇಗಿತ್ತೆಂದು ಬಿಡುವಾಗಿ ಕೇಳಿ, ಅವರು ಹೇಳುವುದನ್ನು ಮಗಳೂ ಕೇಳಿಸಿಕೊಳ್ಳಲಿ. ಹಾಸಿಗೆಯನ್ನು ಒಳಗೆ ತರುವ ಮಾತನ್ನು ನಿಮ್ಮ ಪತಿಯೇ ಆಡಲಿ, ಏಕೆಂದರೆ ಸೊಸೆ ಆಡಿದರೆ ಅದು ಜಗಳವಾಗುತ್ತದೆ. ಆ ದಿನಗಳಲ್ಲಿ ಮಗಳು ದೇವರ ಕೋಣೆಗೂ ಹೋಗಲೇಬೇಕೆಂದು ಈಗಲೇ ಹಟ ಹಿಡಿಯುವುದು ಬೇಡ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದುವ ಹುಡುಗಿಗೆ ಮನೆಯೊಳಗೇ ಮಂಚ, ಮೇಜು, ವಿದ್ಯುದ್ದೀಪ, ಚಿಲಕವಿರುವ ಬಚ್ಚಲು ಸಿಗಬೇಕು. ಅದನ್ನು ಈ ತಿಂಗಳಿನಿಂದಲೇ ಮಾಡಿ.